ಹಪ್ಪಳ ಮಾಡಿದವರ ಹೆಸರಿಗೇ ಲೆಕ್ಕ

2022ರ ಮೇ ತಿಂಗಳು. ಮುಂಬೈಯಿಂದ ರಜೆಗೆ ಬಂದಿದ್ದ ಚಿಕ್ಕಮ್ಮ ವಾಪಸು ಹೊರಡುವಾಗ ನಮ್ಮ ಅತ್ತೆ ಮಾಡಿದ ಹಲಸಿನ ಹಪ್ಪಳ ಹತ್ತು ಕಟ್ಟು ಕೇಳಿದರು. "ನಮ್ಮ ಬಿಲ್ಡಿಂಗಿನವರಿಗೆಲ್ಲ ಬೇಕಂತೆ, ದುಡ್ಡು ಕೊಡ್ತಾರೆ" ಅಂದರು. ಅತ್ತೆ ಹಪ್ಪಳ ಕೊಟ್ಟರು, ದುಡ್ಡು ಮುಟ್ಟಲಿಲ್ಲ. ಆದರೆ ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ನಮ್ಮ ಮನೆ ಹಿರಿಯಡ್ಕದ ಹತ್ತಿರ. ನಾನು ಮಣಿಪಾಲದಲ್ಲಿ ಖಾಸಗಿ ಕೆಲಸದಲ್ಲಿದ್ದೇನೆ. ಮನೆ ಸಾಲ ಇದೆ, ಮಗಳ ಕಾಲೇಜು ಫೀಸು ಇದೆ, ಸಂಬಳದಲ್ಲಿ ತಿಂಗಳು ತಿಂಗಳು ಟಿಡಿಎಸ್ (ಮೊದಲೇ ಹಿಡಿಯುವ ತೆರಿಗೆ) ಕಡಿತ ಬೇರೆ. ನಮ್ಮ ಭಾವ ಒಂದು ದಾರಿ ಹೇಳಿದರು: "ನಿನ್ನ ಹೆಸರಿನಲ್ಲೇ ಹಪ್ಪಳದ ವ್ಯಾಪಾರ ಶುರು ಮಾಡು. ಎರಡು ವರ್ಷ ನಷ್ಟ ತೋರಿಸು. ಸಂಬಳದ ಟ್ಯಾಕ್ಸ್ ಇಳಿಯುತ್ತದೆ." ಹೆಚ್ಚುವರಿ ದುಡ್ಡೂ ಬರುತ್ತದೆ, ತೆರಿಗೆಯೂ ಉಳಿಯುತ್ತದೆ ಅಂದರೆ ಯಾರು ಬೇಡ ಅಂತಾರೆ? ನಾನೂ ನಂಬಿದೆ.

ಕಾಗದಪತ್ರದ ಕೆಲಸ ಅಂದುಕೊಂಡದ್ದಕ್ಕಿಂತ ಸುಲಭವಾಗಿತ್ತು. ವರ್ಷಕ್ಕೆ 12 ಲಕ್ಷದೊಳಗಿನ ವಹಿವಾಟಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಸಾಕಾಗಿತ್ತು. ಶುಲ್ಕ ವರ್ಷಕ್ಕೆ 100 ರೂಪಾಯಿ ಇತ್ತು. 14 ಅಂಕಿಯ ನಂಬರ್ ಬಂತು, ಅದನ್ನು ಲೇಬಲ್ ಮೇಲೆ ಹಾಕಿಸಿದೆ. ಸಣ್ಣ ಉದ್ಯಮಗಳಿಗೆ ಸರ್ಕಾರ ಮಾಡುವ ಉದ್ಯಮ್ ನೋಂದಣಿಗೆ ಆಧಾರ್, ಪ್ಯಾನ್ ಬೇಕು ಅಷ್ಟೆ. ಅದು ಪೂರ್ತಿ ಉಚಿತ. ನಮ್ಮ ಪರಿಚಯದವರೊಬ್ಬರು ಯಾವುದೋ ವೆಬ್‌ಸೈಟಿಗೆ ಇದಕ್ಕೇ 1,500 ರೂಪಾಯಿ ಕಟ್ಟಿದ್ದರು, ಹಾಗೆ ಮಾಡಬೇಡಿ. ಜಿಎಸ್‌ಟಿ ನಮಗೆ ಬೇಕಾಗಲಿಲ್ಲ. ಹಪ್ಪಳಕ್ಕೆ ಜಿಎಸ್‌ಟಿ ಇಲ್ಲ, ಸರಕು ಮಾರುವವರಿಗೆ 40 ಲಕ್ಷದವರೆಗೆ ನೋಂದಣಿಯೂ ಬೇಕಿರಲಿಲ್ಲ.

ಕಷ್ಟ ಇದ್ದದ್ದು ಅಂಗಳದಲ್ಲಿ. ಹಪ್ಪಳಕ್ಕೆ ಗಟ್ಟಿ ಸೊಳೆಯ ಬಕ್ಕೆ ಹಲಸೇ ಆಗಬೇಕು, ಮೆತ್ತಗಿನ ತುಳುವೆ ಆಗುವುದಿಲ್ಲ. ಕಾಯಿ ಬಲಿತಿರಬೇಕು, ಹಣ್ಣಿನ ಕಡೆಗೆ ತಿರುಗಿರಬಾರದು. ಒಂದು ದಿನ ತಡವಾದರೂ ಸಿಹಿ ಬಂದು, ಕರಿದಾಗ ಹಪ್ಪಳ ಕಪ್ಪಾಗುತ್ತದೆ. ಅತ್ತೆ ಮರದ ಬುಡದಲ್ಲಿ ನಿಂತು ಕಾಯಿ ತಟ್ಟಿ ಸದ್ದು ಕೇಳಿಯೇ ಹೇಳುತ್ತಾರೆ. ಕೈಗೆ ತೆಂಗಿನೆಣ್ಣೆ ಹಚ್ಚಿಕೊಂಡು ಸೊಳೆ ಬಿಡಿಸಬೇಕು, ಇಲ್ಲದಿದ್ದರೆ ಮೇಣ ಬಿಡುವುದಿಲ್ಲ. ಹಬೆಯಲ್ಲಿ ಬೇಯಿಸಿ, ಬಿಸಿ ಇರುವಾಗಲೇ ಉಪ್ಪು, ಮೆಣಸು, ಜೀರಿಗೆ ಸೇರಿಸಿ ರುಬ್ಬಬೇಕು. ನೀರು ಒಂದು ಹನಿಯೂ ಹಾಕುವಂತಿಲ್ಲ. ತಣಿದರೆ ಹಿಟ್ಟು ಗಟ್ಟಿಯಾಗಿ ಒತ್ತಲು ಬರುವುದಿಲ್ಲ. ಬೆಳಿಗ್ಗೆ ಐದಕ್ಕೆ ಒಲೆ ಹಚ್ಚಿದರೆ ಒಂಬತ್ತರೊಳಗೆ ಚಾಪೆಯ ಮೇಲೆ ನಾನೂರು ಹಪ್ಪಳ. ಒಬ್ಬ ಅಕ್ಕ ಕೂಲಿಗೆ ಬರುತ್ತಿದ್ದರು. ನಾನು ಏಳೂವರೆಗೆ ಬಸ್ಸು ಹತ್ತುತ್ತಿದ್ದೆ.

2023ರ ಮೇ ಮಧ್ಯದಲ್ಲಿ ಒಂದು ಸಂಜೆ ಹೇಳದೆ ಕೇಳದೆ ಮಳೆ ಬಂತು. ಅರ್ಧ ಒಣಗಿದ ಹಪ್ಪಳ ಒಳಗೆ ತಂದು ಹರಡಿದೆವು. ಮೂರು ದಿನ ಬಿಸಿಲೇ ಇಲ್ಲ. ಎಲ್ಲಕ್ಕೂ ಬೂಸ್ಟು ಹಿಡಿಯಿತು. ಎಲ್ಲವನ್ನೂ ತೆಂಗಿನ ಬುಡಕ್ಕೆ ಹಾಕಿದೆವು. ಆ ರಾತ್ರಿ ಅತ್ತೆ ಊಟ ಮಾಡಲಿಲ್ಲ. ಉಡುಪಿಯ ಒಂದು ಅಂಗಡಿಯವರು ಅರವತ್ತು ಕಟ್ಟು ಸಾಲಕ್ಕೆ ಒಯ್ದಿದ್ದರು. ಆಗಸ್ಟಿನಲ್ಲಿ, ಮೆತ್ತಗಾಗಿದೆ ಅಂತ ಇಪ್ಪತ್ತೆರಡು ಕಟ್ಟು ವಾಪಸು ಕಳಿಸಿದರು. ಕವರ್ ತೆಳು ಇದ್ದದ್ದು ನಮ್ಮದೇ ತಪ್ಪು. ಆದರೆ ಆಮೇಲೆ ಯಾರಿಗೂ ಸಾಲ ಕೊಟ್ಟಿಲ್ಲ.

2023ರ ಆ ಮೊದಲ ಸೀಸನ್ನಿನಲ್ಲಿ 25 ಹಪ್ಪಳದ ಕಟ್ಟಿಗೆ 110 ರೂಪಾಯಿಯಂತೆ 700 ಕಟ್ಟು ಹೋಯಿತು. ಒಟ್ಟು 77,000. ಕೂಲಿ, ಕಾಯಿ, ಕವರ್, ಸೌದೆ, ರಿಕ್ಷಾ ಎಲ್ಲ ಕಳೆದು ಸುಮಾರು 36,000 ಉಳಿಯಿತು. ಅತ್ತೆಯ ದುಡಿಮೆಗೆ ನಾನು ಒಂದು ರೂಪಾಯಿಯನ್ನೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಆ ಲೆಕ್ಕ ಹಿಡಿದುಕೊಂಡು ಸಿಎ (ಲೆಕ್ಕಪರಿಶೋಧಕರು) ಹತ್ತಿರ ಹೋದೆ. ಭಾವ ಹೇಳಿದ್ದನ್ನು ಹೇಳಿದೆ. ಅವರು ತಾಳ್ಮೆಯಿಂದ ಬಿಡಿಸಿ ಹೇಳಿದರು. ವ್ಯಾಪಾರದ ನಷ್ಟವನ್ನು ಸಂಬಳದ ಆದಾಯದಲ್ಲಿ ಕಳೆಯಲು ಕಾನೂನಿನಲ್ಲಿ ಅವಕಾಶವೇ ಇಲ್ಲ. ಅದನ್ನು ಎಂಟು ವರ್ಷ ಮುಂದಕ್ಕೆ ಒಯ್ಯಬಹುದು, ಅದೂ ವ್ಯಾಪಾರದ ಲಾಭದ ಎದುರು ಮಾತ್ರ. ನಮ್ಮಂಥ ಸಣ್ಣವರಿಗೆ ಆದಾಯ ತೆರಿಗೆ ಕಾಯ್ದೆಯಲ್ಲಿ 44ಎಡಿ ಅನ್ನುವ ಸುಲಭ ದಾರಿ ಇತ್ತು: ಬ್ಯಾಂಕಿನ ಮೂಲಕ ಬಂದದ್ದರಲ್ಲಿ 6 ಶೇಕಡಾ, ನಗದಾಗಿ ಬಂದದ್ದರಲ್ಲಿ 8 ಶೇಕಡಾ, ಇಷ್ಟನ್ನಾದರೂ ಲಾಭ ಅಂತ ತೋರಿಸಬೇಕು. ಜಾಸ್ತಿ ಉಳಿದಿದ್ದರೆ ಜಾಸ್ತಿ ತೋರಿಸಬಹುದು. ನಾನು ಉಳಿದಷ್ಟನ್ನೂ ತೋರಿಸಿದೆ. ನನ್ನದು 20 ಶೇಕಡಾ ತೆರಿಗೆಯ ಸ್ಲ್ಯಾಬು, ಮೇಲೆ ಸೆಸ್ ಅನ್ನುವ ಹೆಚ್ಚುವರಿ ತೆರಿಗೆ. ಸುಮಾರು ಏಳೂವರೆ ಸಾವಿರ ತೆರಿಗೆ ಬಂತು.

ಇನ್ನೊಂದು ವಿಷಯ ನನಗೆ ಗೊತ್ತೇ ಇರಲಿಲ್ಲ. ಬರೀ ಸಂಬಳ ಇರುವವರು ತೆರಿಗೆ ಲೆಕ್ಕಕ್ಕೆ ಹಳೆ ಪದ್ಧತಿಯೋ ಹೊಸ ಪದ್ಧತಿಯೋ ಅಂತ ಪ್ರತಿ ವರ್ಷ ಆರಿಸಬಹುದು. ವ್ಯಾಪಾರದ ಆದಾಯ ಸೇರಿತು ಅಂದರೆ ಆ ಸ್ವಾತಂತ್ರ್ಯ ಇಲ್ಲ. ಹಳೆಯದರಲ್ಲಿ ಉಳಿಯಲು ಬೇರೆ ಫಾರ್ಮ್ ಕೊಡಬೇಕು, ಒಮ್ಮೆ ಹೊಸದಕ್ಕೆ ಬಂದರೆ ಮತ್ತೆ ಹಳೆಯದಕ್ಕೆ ಹೋಗುವಂತಿಲ್ಲ. ಮನೆ ಸಾಲ ತೋರಿಸಿ ಹಳೆಯದರಲ್ಲಿ ತೆರಿಗೆ ಉಳಿಸುವ ನನ್ನಂಥವರಿಗೆ ಇದು ಸಣ್ಣ ಮಾತಲ್ಲ. ಶುರು ಮಾಡುವ ಮೊದಲೇ ಕೇಳಬೇಕಿತ್ತು.

ಕೊನೆಗೆ ಸಿಎ ಕೇಳಿದರು, "ಹಪ್ಪಳ ಮಾಡುವುದು ನಿಜವಾಗಿ ಯಾರು?"

ನಾನು ಅತ್ತೆ ಅಂದೆ. "ಹಾಗಾದರೆ ವ್ಯಾಪಾರ ಅವರದ್ದಲ್ವಾ?" ಅಂದರು. ಗಂಡ ಹೆಂಡತಿಗೆ, ಅಥವಾ ಅತ್ತೆ ಮಾವ ಸೊಸೆಗೆ ದುಡ್ಡು ಸುಮ್ನೆ ಕೊಟ್ಟು ಅದರಿಂದ ಆದಾಯ ಬಂದರೆ, ಅದು ಕೊಟ್ಟವರ ಲೆಕ್ಕಕ್ಕೇ ಸೇರುತ್ತದೆ. ಸೊಸೆ ಅತ್ತೆಗೆ ಕೊಟ್ಟರೆ ಆ ನಿಯಮ ಇಲ್ಲ. ಆದರೆ ಹೆಸರು ಮಾತ್ರ ಅವರದ್ದಾಗಿ, ಖಾತೆಯನ್ನು ನಾನು ನಡೆಸುವ ಹಾಗಿಲ್ಲ. ಕೆಲಸ, ಖಾತೆ, ದುಡ್ಡು ಎಲ್ಲವೂ ಅವರದ್ದೇ ಆಗಿರಬೇಕು.

ಮನೆಗೆ ಬಂದು ಹೇಳಿದಾಗ ಅತ್ತೆ ಹೆದರಿದರು. "ನನಗೆಂತಕ್ಕೆ ಮಾರಾಯ್ತಿ ಈ ವಯಸ್ಸಿನಲ್ಲಿ? ಟ್ಯಾಕ್ಸಿನವರು ಬಂದರೆ ಎಂತ ಹೇಳುದು?" ಅವರಿಗೆ ಆಗ 64. ಸ್ವಲ್ಪ ಠೇವಣಿ ಬಡ್ಡಿ ಬಿಟ್ಟರೆ ಆದಾಯ ಇಲ್ಲ. 3 ಲಕ್ಷದವರೆಗೆ ಅವರಿಗೆ ತೆರಿಗೆ ಬರುವುದಿಲ್ಲ ಅಂತ ಎರಡು ವಾರ ಹೇಳಬೇಕಾಯಿತು. 2024ರ ಫೆಬ್ರವರಿಯಲ್ಲಿ ಎರಡೂ ನೋಂದಣಿ ಅವರ ಹೆಸರಿನಲ್ಲಿ ಹೊಸದಾಗಿ ಮಾಡಿಸಿದೆವು. ವ್ಯಾಪಾರಕ್ಕೆ ಅಂತಲೇ ಬೇರೆ ಖಾತೆ, ಅದಕ್ಕೆ ಕ್ಯೂಆರ್ ಕೋಡ್. ಮೊದಲ ವರ್ಷ ಎಲ್ಲ ದುಡ್ಡು ನನ್ನ ಸಂಬಳದ ಖಾತೆಗೇ ಬಂದು, ಯಾವುದು ಹಪ್ಪಳದ್ದು ಅಂತ ಹುಡುಕಿ ಹುಡುಕಿ ಸಾಕಾಗಿತ್ತು.

ಆ ಸೀಸನ್ನಿನಲ್ಲಿ 980 ಕಟ್ಟು ಹೋಯಿತು. ತೆರಿಗೆ ಬರಲಿಲ್ಲ. ಆದರೂ ರಿಟರ್ನ್ ಸಲ್ಲಿಸಿದೆವು, ಮುಂದೆ ಸಾಲ ಕೇಳಲು ಬ್ಯಾಂಕಿಗೆ ಬೇಕಾಗುತ್ತದೆ ಅಂತ. ಅತ್ತೆ ಈಗ ಒಂದು ನೋಟುಬುಕ್ಕು ಇಟ್ಟಿದ್ದಾರೆ. ಕೂಲಿ ಎಷ್ಟು, ಕಾಯಿ ಎಷ್ಟು, ಯಾರಿಂದ ಎಷ್ಟು ಬಂತು, ದಿನವೂ ಬರೆಯುತ್ತಾರೆ. ತನ್ನ ಕೂಲಿಯನ್ನೂ ಒಂದು ಸಾಲಿನಲ್ಲಿ ಬರೆದುಕೊಳ್ಳುತ್ತಾರೆ.

ಕಳೆದ ಮಾರ್ಚಿನಲ್ಲಿ ದೊಡ್ಡ ಗ್ರೈಂಡರ್ ತರಲು ಉಡುಪಿಗೆ ಹೋದೆವು. 10,000ಕ್ಕಿಂತ ಮೇಲಿನದ್ದನ್ನು ನಗದಾಗಿ ಕೊಡಬೇಡಿ ಅಂತ ಸಿಎ ಹೇಳಿದ್ದರಿಂದ ಅತ್ತೆ ಚೆಕ್ಕು ತಂದಿದ್ದರು. ಅಂಗಡಿಯ ಹುಡುಗ ಬಿಲ್ಲು ಬರೆಯಲು ನನ್ನ ಹೆಸರು ಕೇಳಿದ. ಅತ್ತೆ ಪರ್ಸಿನಿಂದ ತಮ್ಮ ಪ್ಯಾನ್ ಕಾರ್ಡ್ ತೆಗೆದು ಅವನ ಮುಂದೆ ಇಟ್ಟರು.