ಅರಸಿನ ಹುಡಿಯಿಂದ ಮಲ್ಪೆಯ ಕಲ್ಲುಕಂಬದವರೆಗೆ: ಚಿಕ್ಕ ಮಕ್ಕಳ ಜೊತೆ ಮಾಡಬಹುದಾದ ವಿಜ್ಞಾನ

ನಮ್ಮ ಕರಾವಳಿಯಲ್ಲಿ ಶಾಲೆ ಆರಂಭವಾಗುವುದೂ ಮಳೆ ಹಿಡಿಯುವುದೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಜೂನ್‌ನಿಂದ ಮೂರು ತಿಂಗಳು ಮಕ್ಕಳು ಅಂಗಳಕ್ಕಿಳಿಯುವುದಕ್ಕಿಂತ ಚಾವಡಿಯಲ್ಲೋ ತರಗತಿಯ ಬೆಂಚಿನ ಮೇಲೋ ಕೂತಿರುವುದೇ ಹೆಚ್ಚು. ಕೈಗೆ ಕೆಲಸವಿಲ್ಲದೆ ಕೂತ ಆರು, ಏಳು ವರ್ಷದ ಮಗುವಿನ ಚಡಪಡಿಕೆಯನ್ನು ಅಧ್ಯಾಪಕರೂ ತಾಯಂದಿರೂ ಬಲ್ಲರು. ಆ ಚಡಪಡಿಕೆಗೆ ಒಳ್ಳೆಯ ದಾರಿ ತೋರಿಸಲು ನಾನು ಉಡುಪಿಯ ಸಮೀಪದ ನಮ್ಮ ಶಾಲೆಯಲ್ಲಿ ಒಂದರಿಂದ ನಾಲ್ಕನೇ ತರಗತಿಯವರೊಂದಿಗೆ ಶನಿವಾರಗಳಂದು ಮಾಡುತ್ತ ಬಂದಿರುವ ಕೆಲವು ಚಟುವಟಿಕೆಗಳನ್ನು ಇಲ್ಲಿ ವಿವರಿಸಿದ್ದೇನೆ. ಬೇಕಾಗುವ ವಸ್ತುಗಳೆಲ್ಲ ಅಡುಗೆಮನೆ, ಹಿತ್ತಿಲು, ಕಡಲ ಬದಿ ಮತ್ತು ಪೇಟೆಯ ಕಿರಾಣಿ ಅಂಗಡಿಯಲ್ಲಿ ಸಿಗುತ್ತವೆ.

ಎಲ್ಲ ಚಟುವಟಿಕೆಗಳಿಗೂ ಅನ್ವಯಿಸುವ ಒಂದು ಕ್ರಮವನ್ನು ಮೊದಲೇ ಹೇಳಿಬಿಡುತ್ತೇನೆ. ಮಗು ಮೊದಲು ಊಹಿಸಬೇಕು, ಆಮೇಲೆ ತನ್ನ ಕೈಯಿಂದಲೇ ಮಾಡಬೇಕು, ಕೊನೆಗೆ ಕಂಡದ್ದನ್ನು ಚಿತ್ರ ಬರೆಯಬೇಕು. ಈ ಮೂರರಲ್ಲಿ ದೊಡ್ಡವರು ಕೆಡಿಸುವುದು ಮೊದಲನೆಯದನ್ನು. ‘ಈಗ ನೋಡು, ಕೆಂಪಾಗುತ್ತದೆ’ ಎಂದು ನಾವೇ ಹೇಳಿಬಿಟ್ಟರೆ ಮಗುವಿಗೆ ನೋಡಲು ಏನೂ ಉಳಿಯುವುದಿಲ್ಲ. ಊಹೆ ತಪ್ಪಾದರೂ ಅದನ್ನು ತಿದ್ದದೆ ಹಾಗೆಯೇ ಬಿಡಬೇಕು, ಏಕೆಂದರೆ ಅದನ್ನು ತಿದ್ದುವ ಕೆಲಸವನ್ನು ಲೋಟದೊಳಗಿನ ನೀರು ನಮಗಿಂತ ಚೆನ್ನಾಗಿ ಮಾಡುತ್ತದೆ.

ದಾಸವಾಳದ ಎಸಳು, ಅರಸಿನದ ಕಾಗದ

ಐದಾರು ಕೆಂಪು ದಾಸವಾಳದ ಹೂಗಳಿಂದ ಎಸಳುಗಳನ್ನು ಮಾತ್ರ ಬಿಡಿಸಿ ಒಂದು ಲೋಟ ಕುದಿನೀರಿಗೆ ಹಾಕಿ ಹತ್ತು ನಿಮಿಷ ಮುಚ್ಚಿಡಬೇಕು. ಬಿಸಿನೀರಿನ ಕೆಲಸ ದೊಡ್ಡವರದ್ದು. ಎಸಳು ಬಿಳಿಚಿಕೊಂಡು ನೀರು ನೇರಳೆ ಛಾಯೆಗೆ ತಿರುಗಿದ ಮೇಲೆ ಸೋಸಿ, ಆರಿಸಿ, ಮೂರು ಗಾಜಿನ ಲೋಟಗಳಿಗೆ ಸಮನಾಗಿ ಹಂಚಿ. ಒಂದಕ್ಕೆ ಲಿಂಬೆರಸ ಹಿಂಡಿದರೆ ಕಡು ಗುಲಾಬಿ ಬಣ್ಣ ಬರುತ್ತದೆ, ಇನ್ನೊಂದಕ್ಕೆ ಒಂದು ಚಿಟಿಕೆ ಅಡುಗೆ ಸೋಡಾ ಹಾಕಿದರೆ ಹಸಿರು ಬಣ್ಣ ಬರುತ್ತದೆ. ಮೂರನೆಯದನ್ನು ಏನೂ ಮಾಡದೆ ಹಾಗೆಯೇ ಇಡಬೇಕು. ಹಲವರು ಈ ಮೂರನೆಯ ಲೋಟವನ್ನು ವ್ಯರ್ಥವೆಂದು ಬಿಟ್ಟುಬಿಡುತ್ತಾರೆ, ಆದರೆ ಬಣ್ಣ ಎಷ್ಟು ಬದಲಾಯಿತೆಂದು ಹೇಳಲು ಬದಲಾಗದ ಒಂದು ಲೋಟ ಎದುರಿಗಿರಬೇಕೆಂಬ ಪಾಠವನ್ನು ಮಗು ಕಲಿಯುವುದು ಅದರಿಂದಲೇ.

ಬಿಸಿನೀರೇ ಬೇಡವೆಂದರೆ ಇನ್ನೂ ಸುಲಭದ ದಾರಿಯಿದೆ. ದಾಸವಾಳದ ಎಸಳನ್ನು ಬಿಳಿ ಕಾಗದದ ಮೇಲೆ ಒತ್ತಿ ಉಜ್ಜಿ, ಒಣಗಿಸಿ, ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿದರೆ ಪರೀಕ್ಷಾ ಕಾಗದ ಸಿದ್ಧವಾಗುತ್ತದೆ. ಬಳಿಕ ಪ್ರತಿಯೊಂದು ಮಗುವೂ ಮನೆಯಿಂದ ಒಂದೊಂದು ವಸ್ತು ತರಲಿ: ಬಿಂಬುಳಿಯ ರಸ, ಹುಣಸೆಯ ನೀರು, ಹುಳಿ ಮಜ್ಜಿಗೆ, ಬಟ್ಟೆ ಸಾಬೂನಿನ ನೊರೆ, ಬಚ್ಚಲ ಒಲೆಯ ಬೂದಿ ಕದಡಿದ ನೀರು. ಹುಳಿಯಾದವೆಲ್ಲ ಒಂದು ಬಣ್ಣದ ಕಡೆಗೂ, ಸಾಬೂನು ಮತ್ತು ಬೂದಿ ಇನ್ನೊಂದು ಬಣ್ಣದ ಕಡೆಗೂ ಹೋಗುವುದನ್ನು ಮಕ್ಕಳೇ ಕಂಡುಕೊಳ್ಳುತ್ತಾರೆ. ಆಮ್ಲ, ಕ್ಷಾರ ಎಂಬ ಮಾತುಗಳನ್ನು ಆ ಮೇಲೆ ಹೇಳಿದರೆ ಸಾಕು. ಈ ಬಣ್ಣಕ್ಕೆ ಕಾರಣವಾದ ಆಂಥೋಸಯನಿನ್ ಎಂಬ ವಸ್ತುವಿನ ಹೆಸರು ನಾಲ್ಕನೇ ತರಗತಿಗೂ ಅಗತ್ಯವಿಲ್ಲ.

ಅರಸಿನ ಹುಡಿಯನ್ನು ನೀರಿನಲ್ಲಿ ಕಲಸಿ ಕಾಗದಕ್ಕೆ ಬಳಿದು ಒಣಗಿಸಿದರೆ ಎರಡನೆಯ ಬಗೆಯ ಕಾಗದ ದೊರೆಯುತ್ತದೆ. ಹತ್ತಿ ಸುತ್ತಿದ ಕಡ್ಡಿಯನ್ನು ಸಾಬೂನು ನೀರಿನಲ್ಲಿ ಅದ್ದಿ ಅದರ ಮೇಲೆ ಹೆಸರು ಬರೆದರೆ ಅಕ್ಷರಗಳು ಕೆಂಪು ಕಂದು ಬಣ್ಣದಲ್ಲಿ ಮೂಡುತ್ತವೆ, ಲಿಂಬೆರಸ ಸವರಿದರೆ ಮತ್ತೆ ಹಳದಿಯೊಳಗೆ ಮರೆಯಾಗುತ್ತವೆ. ಒಮ್ಮೆ ಎರಡನೇ ತರಗತಿಯ ಹುಡುಗಿಯೊಬ್ಬಳು ಆ ಕೆಂಪನ್ನು ನೋಡಿ, ‘ಟೀಚರ್, ಇದು ನಮ್ಮ ಅಜ್ಜಿ ಆರತಿಗೆ ಮಾಡುವ ಕುರ್ದಿ ನೀರು’ ಎಂದಳು. ಅವಳು ಹೇಳಿದ್ದು ಪೂರ್ತಿ ಸರಿಯಾಗಿತ್ತು: ಕುರ್ದಿಯಲ್ಲಿ ಅರಸಿನವನ್ನು ಕೆಂಪಾಗಿಸುವುದು ಸುಣ್ಣ, ನಮ್ಮ ಕಾಗದದ ಮೇಲೆ ಅದೇ ಕೆಲಸ ಮಾಡಿದ್ದು ಸಾಬೂನು. ಸುಣ್ಣ ಕಣ್ಣಿಗೆ ಬಿದ್ದರೆ ಅಪಾಯವಾಗುವುದರಿಂದ ಮಕ್ಕಳ ಕೈಗೆ ಸಾಬೂನನ್ನಷ್ಟೇ ಕೊಡಬೇಕು.

ಮೂಗು ಮತ್ತು ಬೆರಳಿನ ಪರೀಕ್ಷೆ

ಒಂದೇ ಬಗೆಯ ಏಳೆಂಟು ಖಾಲಿ ಡಬ್ಬಿಗಳಲ್ಲಿ ಸ್ವಲ್ಪ ಸ್ವಲ್ಪ ಪರಿಮಳದ ವಸ್ತುಗಳನ್ನಿಟ್ಟು, ಬಾಯಿಗೆ ತೆಳು ಬಟ್ಟೆ ಕಟ್ಟಿ, ಒಳಗೇನಿದೆಯೆಂದು ಮೂಸಿ ಹೇಳುವ ಆಟ ಎಲ್ಲ ಕಡೆಯೂ ಇದೆ. ಅದನ್ನು ನಮ್ಮೂರಿನ ವಸ್ತುಗಳಿಂದ ಆಡಿಸಿದರೆ ಮಕ್ಕಳ ನೆನಪೂ ಜೊತೆಗೆ ಕೆಲಸ ಮಾಡುತ್ತದೆ. ಶಂಕರಪುರದ ಮಲ್ಲಿಗೆಯ ಎರಡು ಹೂ, ಜಜ್ಜಿದ ಸಾಂಬ್ರಾಣಿ ಸೊಪ್ಪು (ದೊಡ್ಡಪತ್ರೆ), ಏಲಕ್ಕಿ, ಒಣಗಿದ ಪುನರ್ಪುಳಿ ಸಿಪ್ಪೆ, ಕಾಫಿ ಹುಡಿ, ಬೆಳ್ಳುಳ್ಳಿ ಮತ್ತು ಹರಿದ ಅರಸಿನ ಎಲೆಯನ್ನು ನಾನು ಇಡುತ್ತೇನೆ. ನಮ್ಮಲ್ಲಿ ನಾಗರಪಂಚಮಿಗೆ ಈ ಎಲೆಯಲ್ಲಿ ಕಡುಬು ಬೇಯಿಸುವುದರಿಂದ, ಅರಸಿನ ಎಲೆಯ ಡಬ್ಬಿ ಕೈಗೆ ಬಂದಾಗ ಬಹಳ ಮಕ್ಕಳು ಎಲೆಯ ಹೆಸರು ಹೇಳುವುದಿಲ್ಲ, ‘ನಾಗರಪಂಚಮಿ’ ಎಂದೋ ‘ಕಡುಬು’ ಎಂದೋ ಹೇಳುತ್ತಾರೆ. ಅದನ್ನು ಸರಿಯಾದ ಉತ್ತರವೆಂದೇ ಬರೆದುಕೊಳ್ಳಬೇಕು. ಮೆಣಸಿನ ಹುಡಿ, ಕಾಳುಮೆಣಸಿನ ಹುಡಿಗಳನ್ನು ಈ ಆಟದಲ್ಲಿ ಬಳಸಬಾರದು.

ಮುಟ್ಟಿ ಗುರುತಿಸುವ ಚೀಲಕ್ಕೆ ಗೆರಟೆಯ ತುಂಡು, ತೆಂಗಿನ ನಾರು, ಅಡಿಕೆ ಹಾಳೆ, ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಚೂರು, ಮರುವಾಯಿ ಚಿಪ್ಪು, ಹತ್ತಿ ಇಷ್ಟು ಸಾಕು. ಇಲ್ಲಿ ಕೇಳಬೇಕಾದ ಪ್ರಶ್ನೆ ‘ಇದು ಏನು’ ಎಂಬುದಕ್ಕಿಂತ ‘ಇದು ಹೇಗಿದೆ’ ಎಂಬುದು; ಒರಟು, ನುಣುಪು, ತಣ್ಣಗೆ, ಜಿಗುಟು, ಹಗುರ ಎಂಬ ಮಾತುಗಳು ಮಕ್ಕಳ ಬಾಯಿಂದಲೇ ಬರಬೇಕು. ಗುಲಗಂಜಿ ಮತ್ತು ಹರಳು ಬೀಜಗಳು ನೋಡಲು ಚೆಂದವಾಗಿದ್ದರೂ ತೀವ್ರ ವಿಷಕಾರಿಯಾದುದರಿಂದ ಅವು ಚಿಕ್ಕ ಮಕ್ಕಳ ಚಟುವಟಿಕೆಯ ಹತ್ತಿರವೂ ಸುಳಿಯದಂತೆ ನೋಡಿಕೊಳ್ಳಬೇಕು.

ಬಟ್ಟಲಿನಲ್ಲಿ ಸೈಂಟ್ ಮೇರೀಸ್ ದ್ವೀಪ

ಒಂದೇ ಒಂದು ಚಟುವಟಿಕೆಗೆ ಸಮಯವಿದೆ ಎನ್ನುವವರಿಗೆ ನಾನು ಹೇಳುವುದು ಇದನ್ನೇ. ಅಗಲವಾದ ಬಟ್ಟಲಿಗೆ ಎರಡು ಕಪ್ ಕಾರ್ನ್‌ಫ್ಲೋರ್ ಹಾಕಿ, ಸುಮಾರು ಒಂದು ಕಪ್ ನೀರನ್ನು ಸ್ವಲ್ಪಸ್ವಲ್ಪವಾಗಿ ಎರೆಯುತ್ತ ಮಕ್ಕಳ ಕೈಯಿಂದಲೇ ಕಲಸಿಸಬೇಕು. ಹದ ಸರಿಯಾದಾಗ ಅದು ವಿಚಿತ್ರವಾಗಿ ವರ್ತಿಸತೊಡಗುತ್ತದೆ: ಬೆರಳನ್ನು ಮೆಲ್ಲನೆ ಇಳಿಸಿದರೆ ಹಾಲಿನೊಳಗೆ ಹೋದಂತೆ ಮುಳುಗುತ್ತದೆ, ಮುಷ್ಟಿಯಿಂದ ಗುದ್ದಿದರೆ ಕಲ್ಲಿನಂತೆ ತಡೆಯುತ್ತದೆ. ಅಂಗೈಯಲ್ಲಿ ತೆಗೆದುಕೊಂಡು ಉರುಟುತ್ತಿರುವಷ್ಟು ಹೊತ್ತು ಗಟ್ಟಿ ಉಂಡೆಯಾಗಿದ್ದು, ಉರುಟುವುದನ್ನು ನಿಲ್ಲಿಸಿದೊಡನೆ ಬೆರಳ ಸಂದಿಯಿಂದ ಸೋರಿಹೋಗುತ್ತದೆ. ಒತ್ತಡ ಹಠಾತ್ತಾಗಿ ಬಿದ್ದಾಗ ಪಿಷ್ಟದ ಕಣಗಳು ಒಂದಕ್ಕೊಂದು ತಾಗಿ ಸಿಕ್ಕಿಕೊಳ್ಳುತ್ತವೆ, ನಿಧಾನವಾಗಿ ಒತ್ತಿದಾಗ ನೀರಿನ ನಡುವೆ ಜಾರಿ ದಾರಿ ಬಿಡುತ್ತವೆ. ಬಸ್ಸಿನ ಬಾಗಿಲಿನಲ್ಲಿ ಎಲ್ಲರೂ ಒಮ್ಮೆಲೇ ನುಗ್ಗಿದರೆ ಯಾರೂ ಇಳಿಯಲಾಗದ ಹೋಲಿಕೆಯನ್ನು ಕೊಟ್ಟರೆ ಮಕ್ಕಳಿಗೆ ಅರ್ಥವಾಗುತ್ತದೆ. ಅದೇ ಕೆಲಸವನ್ನು ಗೋಧಿ ಹಿಟ್ಟಿನಿಂದಲೂ ಮಾಡಿಸಿ ಹೋಲಿಸಿರಿ. ಅದರಲ್ಲಿ ಈ ಗುಣ ಕಾಣುವುದಿಲ್ಲ.

ಆಟ ಮುಗಿದ ಮೇಲೆ ಅದನ್ನು ಚೆಲ್ಲಬೇಡಿ. ಬೇಸಿನ್ನಿಗೆ ಸುರಿದರಂತೂ ಪೈಪಿನೊಳಗೆ ಗಟ್ಟಿಯಾಗಿ ಕೂರುತ್ತದೆ. ಸುರಿಯಲು ಬರುವಷ್ಟು ನೀರು ಸೇರಿಸಿ, ನೇರ ಅಂಚಿನ ಸ್ಟೀಲ್ ಡಬ್ಬಿಯಲ್ಲಿ ಮೂರು ಸೆಂಟಿಮೀಟರ್ ದಪ್ಪಕ್ಕೆ ತುಂಬಿಸಿ, ಅಲುಗಾಡದ ಕಡೆ ಬಿಸಿಲಿಗೆ ಇಡಬೇಕು. ಮೊದಲ ವರ್ಷ ನಾನು ಇದನ್ನು ಜುಲೈಯಲ್ಲಿ ಮಾಡಿಸಿ, ನಾಲ್ಕನೇ ದಿನಕ್ಕೆ ಬೂಸ್ಟು ಹಿಡಿದು ವಾಸನೆ ಬಂದು, ಮಕ್ಕಳ ಮುಂದೆಯೇ ಎಸೆಯಬೇಕಾಯಿತು. ಆದುದರಿಂದ ಒಣಗಿಸುವ ಭಾಗವನ್ನು ಜನವರಿಯಿಂದ ಮಾರ್ಚ್‌ವರೆಗಿನ ಒಣಹವೆಗೆ ಇಟ್ಟುಕೊಳ್ಳುವುದು ಒಳ್ಳೆಯದು. ಪೂರ್ತಿ ಒಣಗಲು ಒಂದು ವಾರವೂ ಬೇಕಾಗಬಹುದು. ಅವಸರ ಮಾಡಿ ತೆಗೆದರೆ ಏನೂ ಕಾಣುವುದಿಲ್ಲ.

ಮೊದಲಿಗೆ ಮೇಲ್ಭಾಗದಲ್ಲಿ ಒಣಗಿದ ಕೆರೆಯಂತೆ ದೊಡ್ಡ ಬಿರುಕುಗಳು ಮೂಡುತ್ತವೆ. ಪೂರ್ತಿ ಒಣಗಿದ ಗಟ್ಟಿಯನ್ನು ಹೊರತೆಗೆದು ಮೆಲ್ಲನೆ ಮುರಿದಾಗ, ಒಳಭಾಗದಲ್ಲಿ ಕೆಲವೇ ಮಿಲಿಮೀಟರ್ ಅಗಲದ ಸಣ್ಣ ಸಣ್ಣ ಕಂಬಗಳು ಒಂದಕ್ಕೊಂದು ಅಂಟಿ ನಿಂತಿರುವುದು ಕಾಣುತ್ತದೆ. ಭೂತಗನ್ನಡಿ ಕೊಟ್ಟು ಒಂದೊಂದು ಕಂಬಕ್ಕೆ ಎಷ್ಟು ಬದಿಗಳಿವೆಯೆಂದು ಎಣಿಸಲು ಹೇಳಿ. ಐದು, ಆರು ಬದಿಗಳವು ಸಾಕಷ್ಟು ಸಿಗುತ್ತವೆ. ಆಗ ಮಲ್ಪೆಯಿಂದ ದೋಣಿಯಲ್ಲಿ ಹೋಗುವ ಸೈಂಟ್ ಮೇರೀಸ್ ದ್ವೀಪದ ಫೋಟೊವನ್ನು ಪಕ್ಕಕ್ಕೆ ಇಡಬೇಕು. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ತಣ್ಣಗಾಗುತ್ತ ಕುಗ್ಗಿ, ಬಿರುಕು ಬಿಟ್ಟು, ಬಹುಭುಜಗಳ ಕಲ್ಲುಕಂಬಗಳಾಗಿ ನಿಂತದ್ದರಿಂದಲೇ ಆ ದ್ವೀಪ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾಗಿದೆ. ಅಲ್ಲಿ ಕುಗ್ಗಿಸಿದ್ದು ತಂಪು, ನಮ್ಮ ಡಬ್ಬಿಯಲ್ಲಿ ಕುಗ್ಗಿಸಿದ್ದು ಒಣಗುವಿಕೆ. ಕುಗ್ಗಿದ ವಸ್ತು ಬಿರಿಯುವ ಬಗೆ ಮಾತ್ರ ಒಂದೇ. ಡಬ್ಬಿಯಲ್ಲಿ ಕಂಬ ಕಂಡ ಮಕ್ಕಳನ್ನು ಆಮೇಲೆ ದ್ವೀಪಕ್ಕೆ ಕರೆದುಕೊಂಡು ಹೋದರೆ, ಅವರು ದೋಣಿಯಿಂದ ಇಳಿದವರೇ ಕಲ್ಲಿನ ಬದಿಗಳನ್ನು ಎಣಿಸತೊಡಗುತ್ತಾರೆ.

ಕಡಲ ಬದಿಯಿಂದ ತಂದ ಮರಳು

ಸುರತ್ಕಲ್ ಕಡೆಯ ತೀರದಲ್ಲಿ ಬಿಳಿ ಮರಳಿನ ನಡುವೆ ಕಪ್ಪು ಗೆರೆಗಳು ಕಾಣುತ್ತವೆ. ಅಂಥ ಮರಳನ್ನು ಒಂದು ಸಣ್ಣ ಡಬ್ಬಿಯಲ್ಲಿ ತಂದು ಒಣಗಿಸಿ ಕಾಗದದ ಮೇಲೆ ಹರಡಿ, ಪ್ಲಾಸ್ಟಿಕ್ ಚೀಲದೊಳಗೆ ಇಟ್ಟ ಅಯಸ್ಕಾಂತವನ್ನು ಅದರ ಮೇಲೆ ಆಡಿಸಿದರೆ ಕಪ್ಪು ಕಣಗಳಲ್ಲಿ ಕೆಲವು ಮೇಲೆದ್ದು ಮುಳ್ಳುಗಳಂತೆ ನಿಲ್ಲುತ್ತವೆ. ಅವುಗಳಲ್ಲಿ ಕಬ್ಬಿಣದ ಖನಿಜವಿದೆ. ಚೀಲವಿಲ್ಲದೆ ನೇರವಾಗಿ ತಾಗಿಸಿದರೆ ಅಯಸ್ಕಾಂತದಿಂದ ಆ ಹುಡಿಯನ್ನು ಬಿಡಿಸುವುದೇ ಕಷ್ಟ. ಕಪ್ಪು ಕಣಗಳು ಭಾರವಾದುದರಿಂದ ಅಲೆ ಹಿಂದೆ ಸರಿಯುವಾಗ ಹಗುರವಾದ ಬಿಳಿ ಮರಳು ಹೋಗಿ ಅವು ಉಳಿಯುತ್ತವೆ. ಒಂದು ತಟ್ಟೆಯಲ್ಲಿ ಮರಳು, ನೀರು ಹಾಕಿ ಮೆಲ್ಲನೆ ತೂಗಿದರೆ ಇದನ್ನೂ ತೋರಿಸಬಹುದು.

ಸಮುದ್ರದ ನೀರಿನಲ್ಲಿ ಮೊಟ್ಟೆ ತೇಲುತ್ತದೆಯೇ ಎಂದು ಕೇಳಿದರೆ ಕಡಲೂರಿನ ಮಕ್ಕಳೆಲ್ಲ ಹೌದೆನ್ನುತ್ತಾರೆ. ತಾಜಾ ಮೊಟ್ಟೆ ಅದರಲ್ಲಿ ಮುಳುಗುತ್ತದೆ, ಏಕೆಂದರೆ ಒಂದು ಲೀಟರ್ ಸಮುದ್ರದ ನೀರಿನಲ್ಲಿರುವ ಉಪ್ಪು ಸುಮಾರು 35 ಗ್ರಾಂ ಮಾತ್ರ. ಮೊಟ್ಟೆ ಏಳುವ ತನಕ ಒಂದೊಂದೇ ಚಮಚ ಉಪ್ಪು ಸೇರಿಸಿ ಕದಡುತ್ತ, ಎಷ್ಟು ಚಮಚವಾಯಿತೆಂದು ಗೋಡೆಯ ಮೇಲೆ ಗೆರೆ ಹಾಕಲು ಹೇಳಿ. ಮಳೆಗಾಲದಲ್ಲಿ ಮಕ್ಕಳನ್ನು ನೀರಿನ ಅಂಚಿಗೆ ಒಯ್ಯಕೂಡದು. ಮರಳೂ ನೀರೂ ಬೇಸಗೆಯಲ್ಲೇ ತಂದಿಟ್ಟುಕೊಳ್ಳಬಹುದು.

ದೋಸೆ ಹಿಟ್ಟು ಮತ್ತು ಮಳೆ

ರಾತ್ರಿ ರುಬ್ಬಿದ ಉದ್ದಿನ ಹಿಟ್ಟನ್ನು ಗಾಜಿನ ಭರಣಿಯಲ್ಲಿ ಅರ್ಧ ತುಂಬಿಸಿ, ಹಿಟ್ಟಿನ ಮಟ್ಟಕ್ಕೆ ಒಂದು ರಬ್ಬರ್ ಬ್ಯಾಂಡ್ ಹಾಕಿ, ಬಾಯಿಯನ್ನು ಸಡಿಲವಾಗಿ ಮುಚ್ಚಿ ಮಲಗಲು ಹೇಳಬೇಕು. ಬೆಳಗ್ಗೆ ಮಗು ಏರಿದ ಮಟ್ಟವನ್ನು ಅಳೆದು, ಗಾಜಿನ ಮೂಲಕ ಗುಳ್ಳೆಗಳನ್ನು ನೋಡಿ, ಹುಳಿ ವಾಸನೆಯನ್ನು ಮೂಸಿ, ಹಿಟ್ಟಿನಲ್ಲಿರುವ ಸೂಕ್ಷ್ಮಜೀವಿಗಳು ಗಾಳಿ ಬಿಟ್ಟು ಅದನ್ನು ಉಬ್ಬಿಸಿದವೆಂಬ ವಿಷಯವನ್ನು ಕೇಳಿ, ಆಮೇಲೆ ಅದರ ದೋಸೆಯನ್ನು ತಿನ್ನುತ್ತದೆ. ಏಪ್ರಿಲ್‌ನ ಸೆಕೆಯಲ್ಲಿ ಒಮ್ಮೆ, ಜುಲೈಯ ತಂಪಿನಲ್ಲಿ ಒಮ್ಮೆ ಮಾಡಿ ಎರಡು ಅಳತೆಗಳನ್ನೂ ಒಂದೇ ಪುಟದಲ್ಲಿ ಬರೆಸಿರಿ.

ಮಳೆಮಾಪಕಕ್ಕೆ ಎರಡು ಲೀಟರ್ ಬಾಟಲಿಯ ಮೇಲ್ಭಾಗವನ್ನು ದೊಡ್ಡವರು ಕತ್ತರಿಸಿ, ಅದನ್ನು ತಲೆಕೆಳಗಾಗಿ ಆಲಿಕೆಯಂತೆ ಅದೇ ಬಾಟಲಿಯ ಮೇಲೆ ಕೂರಿಸಬೇಕು. ತಳ ಉಬ್ಬುತಗ್ಗಾಗಿರುವುದರಿಂದ ಸಣ್ಣ ಕಲ್ಲು ಹಾಕಿ, ಬದಿಗಳು ನೇರವಾಗುವ ತನಕ ನೀರು ತುಂಬಿಸಿ, ಆ ಮಟ್ಟವನ್ನು ಸೊನ್ನೆಯೆಂದು ಗುರುತಿಸಿ, ಅಲ್ಲಿಂದ ಮೇಲಕ್ಕೆ ಸ್ಕೇಲಿನ ಮಿಲಿಮೀಟರ್ ಗೆರೆಗಳನ್ನು ಎಳೆಯಬೇಕು. ಮಾಡಿನ ನೀರು, ತೆಂಗಿನ ಮಡಲಿನ ಹನಿ ಬೀಳದ ಬಯಲಿನಲ್ಲಿಟ್ಟು, ಹವಾಮಾನ ಇಲಾಖೆಯ ಕ್ರಮದಂತೆ ಪ್ರತಿದಿನ ಬೆಳಗ್ಗೆ 8.30ಕ್ಕೆ ಓದಿ, ಹೆಚ್ಚಿನ ನೀರನ್ನು ಸೊನ್ನೆಯ ಗೆರೆಯವರೆಗೆ ಚೆಲ್ಲಬೇಕು. ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಚದರ ಮೀಟರ್ ನೆಲದ ಮೇಲೆ ಒಂದು ಲೀಟರ್ ನೀರು. ಇದನ್ನು ಹೇಳುವಾಗ ನೆಲದಲ್ಲಿ ಸೀಮೆಸುಣ್ಣದಿಂದ ಒಂದು ಮೀಟರಿನ ಚೌಕ ಬರೆದು, ಅದರೊಳಗೆ ಮಗುವನ್ನು ನಿಲ್ಲಿಸಿ, ಪಕ್ಕದಲ್ಲಿ ಲೀಟರ್ ಬಾಟಲಿಗಳನ್ನು ಜೋಡಿಸುತ್ತ ಹೋಗಬೇಕು. ಉಡುಪಿ, ದಕ್ಷಿಣ ಕನ್ನಡ ಎಂಬ ನಮ್ಮ ಎರಡು ಜಿಲ್ಲೆಗಳಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆಯಾಗುವುದರಿಂದ, ಆ ಚೌಕದ ಮೇಲೆ ಬೀಳುವುದು 4,000 ಬಾಟಲಿ ನೀರು. ಕಳೆದ ಜೂನ್‌ನಲ್ಲಿ ಹೀಗೆ ನಿಲ್ಲಿಸಿದ್ದ ಮೂರನೇ ತರಗತಿಯ ಹುಡುಗನೊಬ್ಬ ಹತ್ತು ಬಾಟಲಿ ಎಣಿಸಿ, ತಲೆಯೆತ್ತಿ ಮಾಡಿನಿಂದ ಸುರಿಯುತ್ತಿದ್ದ ನೀರನ್ನು ನೋಡಿ, ‘ಇದೆಲ್ಲ ಎಲ್ಲಿಗೆ ಹೋಗುತ್ತದೆ ಟೀಚರ್?’ ಎಂದು ಕೇಳಿದ. ಮರುವಾರ ನಾವು ಮುರಕಲ್ಲಿನ ತುಂಡೊಂದನ್ನು ತಟ್ಟೆಯಲ್ಲಿಟ್ಟು, ಚಮಚದಿಂದ ನೀರು ಹೊಯ್ದು, ಅದು ಎಷ್ಟು ಚಮಚ ಕುಡಿಯುತ್ತದೆಂದು ಎಣಿಸಲು ಕುಳಿತೆವು.