ಕೊಪ್ಪ ಗೇಟಿನಲ್ಲಿ ಇಳಿದರೆ ವಿದೇಶಾಂಗ ನೀತಿ

ಪಿಎಚ್‌.ಡಿಗೆ ಸೇರಿದಾಗ ನನ್ನ ತಲೆಯಲ್ಲಿ ಇದ್ದದ್ದು ಜಿನೀವಾ, ನ್ಯೂಯಾರ್ಕ್, ಕಡೇಪಕ್ಷ ದೆಹಲಿ. ಅಂತರರಾಷ್ಟ್ರೀಯ ಸಂಬಂಧ ಅಂದರೆ ಅಲ್ಲೇ ಅಲ್ವಾ ನಡೆಯುವುದು? ಭಾರತ–ಚೀನಾ ಗಡಿಯ ಮೇಲೆ ಸಿನಾಪ್ಸಿಸ್ ಬರೆದುಕೊಂಡು ಹೋದೆ. ಗೈಡ್ ಎರಡು ಪುಟ ತಿರುವಿ, "ನಿಮ್ಮದು ಯಾವ ಊರಪ್ಪಾ?" ಅಂದರು. ಪಿರಿಯಾಪಟ್ಟಣ ಅಂದೆ. ನಕ್ಕು ಸಿನಾಪ್ಸಿಸ್ ವಾಪಸ್ ಕೊಟ್ಟರು. ಯಾಕೆ ನಕ್ಕರು ಅಂತ ತಿಳಿಯಲು ನನಗೆ ಒಂದು ವಾರ ಬೇಕಾಯಿತು.

ಟಿಬೆಟನ್ ನಿರಾಶ್ರಿತರ ಕ್ಯಾಂಪ್ ಇರುವ ಬೈಲಕುಪ್ಪೆ ನಮ್ಮ ತಾಲ್ಲೂಕಿನಲ್ಲೇ ಇದೆ. ನೆಂಟರು ಬಂದರೆ ಗೋಲ್ಡನ್ ಟೆಂಪಲ್ ತೋರಿಸಿ, ಮೊಮೊ ತಿನ್ನಿಸಿ ಕಳಿಸುತ್ತಿದ್ದ ಜಾಗ. 1959ರ ಮಾರ್ಚ್‌ನಲ್ಲಿ ದಲೈ ಲಾಮಾ ಟಿಬೆಟ್‌ನ ಲಾಸಾ ಬಿಟ್ಟು ಬಂದರು, ಅವರ ಹಿಂದೆ ಸಾವಿರಾರು ಜನ ಬಂದರು. ನೆಹರೂ ರಾಜ್ಯ ಸರ್ಕಾರಗಳನ್ನು ಜಮೀನು ಕೇಳಿದರು. ಮೈಸೂರು ರಾಜ್ಯ ಇಲ್ಲಿ ಸುಮಾರು 3,000 ಎಕರೆ ಕೊಟ್ಟಿತು. ಆಮೇಲೆ ಮುಂಡಗೋಡ, ಹುಣಸೂರಿನ ಗುರುಪುರ, ಕೊಳ್ಳೇಗಾಲದ ಕಡೆ ಒಡೆಯರಪಾಳ್ಯ. ಬೀಜಿಂಗ್ ಮತ್ತು ದೆಹಲಿ ನಡುವಿನ ಜಗಳ ಕೊನೆಗೆ ನಮ್ಮ ತಾಲ್ಲೂಕಿನ ಪಹಣಿಗೆ ಬಂದು ಕೂತಿತ್ತು. ನಾನು ಅದರ ಪಕ್ಕದಲ್ಲೇ ಬೆಳೆದು ಜಿನೀವಾ ಕನಸು ಕಾಣುತ್ತಿದ್ದೆ.

ಮೊದಲು ಕಡತಗಳಿಂದ ಶುರು ಮಾಡಿದೆ. ಒಂದು ದಾಖಲೆ ಸಂಗ್ರಹಾಲಯದಲ್ಲಿ ಹನ್ನೆರಡು ದಿನ ಕೂತು ಚೀಟಿ ಬರೆದು ಕೊಟ್ಟೆ. ಮುಕ್ಕಾಲುಪಾಲು ಚೀಟಿ "ಇಲ್ಲಿಗೆ ಬಂದಿಲ್ಲ" ಅಂತ ವಾಪಸ್ ಬಂದವು. ಸೂಚಿಯಲ್ಲಿ ಹೆಸರಿದೆ, ಕಡತ ಇಲ್ಲ. ಕೋಪ ಮಾಡಿಕೊಂಡರೆ ಫೆಲೋಶಿಪ್ ದುಡ್ಡು ಮಾತ್ರ ಖರ್ಚಾಗುತ್ತದೆ. ಸುಮ್ನೆ ಊರಿಗೆ ಬಂದು ಆನ್‌ಲೈನ್‌ನಲ್ಲಿ ಸಿಗುವ ಹಳೆಯ ಲೋಕಸಭಾ ಚರ್ಚೆಗಳನ್ನು ಓದಿದೆ. ಹಳೆ ಕನ್ನಡ ಪತ್ರಿಕೆಗಳ ಸಂಪುಟಗಳ ದೂಳು ಕುಡಿದೆ. ಈ ದಾರಿ ನಿಧಾನ, ಆದರೆ ಯಾರ ಸಹಿಗೂ ಕಾಯಬೇಕಿಲ್ಲ.

ಆಗಲೇ ಒಂದು ವಿಷಯ ಕಣ್ಣಿಗೆ ಬಿತ್ತು. ಕ್ಯಾಂಪಿನಲ್ಲಿ ಯಾರನ್ನು ಕೇಳಿದರೂ ಜಮೀನು ಕೊಟ್ಟವರು ನಿಜಲಿಂಗಪ್ಪ ಅನ್ನುತ್ತಾರೆ. ಆದರೆ 1960ರಲ್ಲಿ ಮುಖ್ಯಮಂತ್ರಿ ಕುರ್ಚಿಯಲ್ಲಿ ಇದ್ದವರು ಬಿ.ಡಿ. ಜತ್ತಿ. ನಿಜಲಿಂಗಪ್ಪ ಅದಕ್ಕೆ ಮುಂಚೆಯೂ ಆಮೇಲೆಯೂ ಮುಖ್ಯಮಂತ್ರಿ ಆಗಿದ್ದವರು, ಮುಂಡಗೋಡದ ಕಾಲಕ್ಕೆ ಅವರೇ ಇದ್ದರು. ಮೊದಲು ಇದನ್ನು ಜನರ ತಪ್ಪು ಅಂತ ಬರೆದೆ. ಆಮೇಲೆ ಹೊಡೆದು ಹಾಕಿದೆ. ಕುರ್ಚಿಯಲ್ಲಿ ಯಾರಿದ್ದರು ಅನ್ನುವುದು ಒಂದು ಮಾಹಿತಿ. ಜನ ಯಾರನ್ನು ನೆನೆಯುತ್ತಾರೆ ಅನ್ನುವುದು ಇನ್ನೊಂದು. ಎರಡನ್ನೂ ಇಟ್ಟೆ.

ವಿದೇಶಿ ಸಂಶೋಧಕರು ಬೈಲಕುಪ್ಪೆಯಲ್ಲಿ ಉಳಿದು ಕೆಲಸ ಮಾಡಬೇಕಾದರೆ ಕೇಂದ್ರ ಗೃಹ ಇಲಾಖೆಯಿಂದ ವಿಶೇಷ ಪರವಾನಗಿ ಬೇಕು. ನಾನು ಕುಶಾಲನಗರದ ಬಸ್ ಹತ್ತಿ ಕ್ಯಾಂಪಿನ ಹತ್ತಿರದ ಕೊಪ್ಪ ಗೇಟಿನಲ್ಲಿ ಇಳಿದರೆ ಮುಗಿಯಿತು. ಆ ಧೈರ್ಯದಲ್ಲೇ ಡಿಸೆಂಬರ್‌ನಲ್ಲಿ ಫೀಲ್ಡ್‌ವರ್ಕ್ ಇಟ್ಟುಕೊಂಡೆ. ಹೋಗಿ ನೋಡಿದರೆ ಮನೆ ಮನೆಗೂ ಬೀಗ. ಚಳಿಗಾಲ ಅಂದರೆ ಸ್ವೆಟರ್ ವ್ಯಾಪಾರದ ಕಾಲ. ದುಡಿಯುವ ವಯಸ್ಸಿನವರು ಬೇರೆ ಊರುಗಳ ಫುಟ್‌ಪಾತಿನಲ್ಲಿ ಅಂಗಡಿ ಹಾಕಿಕೊಂಡಿದ್ದರು. ಪ್ರತಿ ವರ್ಷ ಅವರ ಹತ್ತಿರವೇ ಸ್ವೆಟರ್ ಕೊಳ್ಳುವ ನನಗೆ ಇದು ಹೊಳೆಯಬೇಡವೇ?

ಉಳಿದವರು ಮುದುಕರು. ಆದರೆ ಅದೇ ಒಳ್ಳೆಯದೂ ಆಯಿತು. ನಾನು ಮಾಡಿಕೊಂಡು ಹೋಗಿದ್ದ ಪ್ರಶ್ನಾವಳಿಯ ಮೊದಲ ಪ್ರಶ್ನೆ, "ನಿಮಗೆ ಟಿಬೆಟ್‌ಗೆ ಮರಳುವ ಆಸೆ ಇದೆಯೇ?" ಅಂತ. ಎಲ್ಲರೂ ಒಂದೇ ಉತ್ತರ ಹೇಳಿದರು, ಪಾಠ ಒಪ್ಪಿಸಿದ ಹಾಗೆ. ಅರವತ್ತು ವರ್ಷದಿಂದ ಪತ್ರಕರ್ತರು ಕೇಳಿ ಕೇಳಿ ಆ ಪ್ರಶ್ನೆ ಸವೆದುಹೋಗಿದೆ. ನಾಲ್ಕನೇ ದಿನ ಒಬ್ಬ ಅಜ್ಜಿಗೆ, "ಮೊದಲ ವರ್ಷ ಏನು ಬೆಳೆದಿರಿ ಮೊ-ಲಾ?" ಅಂದೆ. ಅಜ್ಜಿ ಕನ್ನಡದಲ್ಲೇ ಶುರು ಮಾಡಿದರು. "ಕೂತ್ಕೊ ಮಗಾ. ಜೋಳ ಹಾಕ್ತು. ಆನೆ ಬಂತು, ಎಲ್ಲ ತಿಂತು." ಕಾಡು ಕಡಿದದ್ದು, ರಾತ್ರಿ ತಗಡು ಬಡಿದದ್ದು, ಸೆಕೆ ತಡೆಯದೆ ಸತ್ತವರು, ಪಕ್ಕದ ಹಳ್ಳಿಯವರು ರಾಗಿ ಬಿತ್ತಲು ಹೇಳಿಕೊಟ್ಟದ್ದು. ಎರಡು ಗಂಟೆ ಆಯಿತು. ಬೆಣ್ಣೆ ಚಹಾ ಮೂರು ಸಲ ಬಂತು. (ಮೊದಲ ಬಟ್ಟಲು ಕಷ್ಟ. ಚಹಾ ಅಂದುಕೊಳ್ಳದೆ ಉಪ್ಪಿನ ಸಾರು ಅಂದುಕೊಂಡರೆ ಇಳಿಯುತ್ತದೆ.)

ಕನ್ನಡ ಬಾರದವರ ಹತ್ತಿರ ಒಬ್ಬ ಕಾಲೇಜು ಹುಡುಗ ಅನುವಾದ ಮಾಡುತ್ತಿದ್ದ. ಅಜ್ಜ ಐದು ನಿಮಿಷ ಮಾತಾಡಿದರೆ ಇವನು, "ತುಂಬಾ ಕಷ್ಟ ಪಟ್ಟರಂತೆ ಸಾರ್" ಅನ್ನುತ್ತಿದ್ದ. ಆಮೇಲೆ ರೆಕಾರ್ಡಿಂಗ್‌ಗಳನ್ನು ಇನ್ನೊಬ್ಬರಿಂದ ಪೂರ್ತಿ ಕೇಳಿಸಿ ಬರೆಸಿದೆ. ಅರ್ಧ ಪ್ರಬಂಧ ಹುಟ್ಟಿದ್ದು ಆ ಐದು ನಿಮಿಷಗಳಲ್ಲಿ. ಒಂದೇ ಒಂದು ಕಡೆಯೂ ನಿಜ ಹೆಸರು ಬಳಸಲಿಲ್ಲ. ಅವರಲ್ಲಿ ಹಲವರ ಅಣ್ಣತಮ್ಮಂದಿರು ಈಗಲೂ ಗಡಿಯ ಆಚೆ ಇದ್ದಾರೆ.

ಕಾನೂನಿನ ಅಧ್ಯಾಯವೇ ಜಾಸ್ತಿ ಕಾಡಿದ್ದು. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಇವರ ಕೈಯಲ್ಲಿರುವುದು ವಿದೇಶಿಯರಾಗಿ ನೋಂದಾಯಿಸಿದ ಪುಸ್ತಕ. ಅವರು ಅದನ್ನು 'ಆರ್‌ಸಿ' ಅನ್ನುತ್ತಾರೆ, ನಾವು ಬೈಕಿಗೆ ಅನ್ನುವ ಹಾಗೆ. ಆದರೆ ನಮ್ಮ ಪೌರತ್ವ ಕಾಯ್ದೆಯ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು. ಟಿಬೆಟನ್ನರಿಗೂ ಇದು ಅನ್ವಯಿಸುತ್ತದೆ ಎಂದು 2013ರಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿತು. ನಾನು ಮಾತಾಡಿಸಿದ ಒಂದು ಮನೆಯಲ್ಲಿ ಅಣ್ಣ 1986ರವನು, ತಮ್ಮ 1988ರವನು. ಒಂದೇ ತಟ್ಟೆಯಲ್ಲಿ ಉಂಡವರು, ಕಾನೂನಿನ ಎರಡು ಕಡೆ. ಅಣ್ಣ ಪಾಸ್‌ಪೋರ್ಟ್‌ಗೆ ಅರ್ಜಿ ಹಾಕಿರಲಿಲ್ಲ. ಯಾಕೆ ಅಂದೆ. "ಅಪ್ಪ ಇರೋವರೆಗೂ ಬೇಡ" ಅಂದ. ನನ್ನ ಸಿದ್ಧಾಂತಗಳ ಅಧ್ಯಾಯದಲ್ಲಿ ಈ ಉತ್ತರಕ್ಕೆ ಜಾಗ ಇರಲಿಲ್ಲ. ಅಧ್ಯಾಯವನ್ನೇ ಬದಲಿಸಿದೆ.

ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು, "ಇದು ಸಮಾಜಶಾಸ್ತ್ರ ಆಯಿತಲ್ಲ?" ಅಂದರು. ಇರಬಹುದು ಸರ್ ಅಂದೆ. ಅಷ್ಟು ಹೊತ್ತಿಗೆ ಜಗಳ ಆಡುವ ಶಕ್ತಿ ಇರಲಿಲ್ಲ.

ಅಜ್ಜಿಯ ಭಾಗವನ್ನು ಕನ್ನಡದಲ್ಲಿ ಬರೆದು ಅವರ ಮನೆಗೆ ತಲುಪಿಸಿದ್ದೆ. ಟೊರಾಂಟೊದಲ್ಲಿರುವ ಮೊಮ್ಮಗ ಅದನ್ನು ಫೋನಿನಲ್ಲಿ ಓದಿ ಹೇಳಿದನಂತೆ. ಮಾರನೇ ವಾರ ಅವನದೇ ಮೆಸೇಜ್ ಬಂತು. ಆನೆ ಬಂದದ್ದು ಜೋಳ ತೆನೆ ಕಟ್ಟಿದಾಗಲ್ಲ, ಮೊಳಕೆ ಬಂದಾಗಲೇ, ತಿದ್ದಬೇಕಂತೆ ಅಂತ. ತಿದ್ದಿದೆ.