ಬಿಳಿ ವೈರ್‌ಗೆ ನೀಲಿ ಚುಕ್ಕೆ: ಹಳೇ ಮನೆಯ ಫೋನ್ ವೈರಿಂಗ್, ನನ್ನ ಅನುಭವ

ಫೈಬರ್ ಬಂದ ಮೇಲೆ ಮನೆಯೊಳಗಿನ ಹಳೇ ತಾಮ್ರದ ವೈರಿಂಗ್ ದಂಡ ಅಂತ ನಮ್ಮ ಕಡೆ ಎಲ್ಲರದ್ದೂ ಒಂದೇ ಮಾತು. ಫೈಬರ್ ಎಳೆಯಲು ಬಂದ ಹುಡುಗರೂ ಹಾಗೇ ಅಂದರು, ಪೇಟೆಯ ವೈರ್‌ಮನ್ ಗೆಳೆಯರೂ ಹಾಗೇ ಅಂದರು. ಮೋಡೆಮ್ ಪಕ್ಕ ಒಂದು ಫೋನ್ ಇಟ್ಟುಕೊಳ್ಳಿ, ಬೇರೆ ಕೋಣೆಗೆ ಬೇಕಾದರೆ ಕಾರ್ಡ್‌ಲೆಸ್ ತಗೊಳ್ಳಿ, ಅಷ್ಟೇ. ಹೊಸನಗರ, ತೀರ್ಥಹಳ್ಳಿ ಕಡೆಯ ತೋಟದ ಮನೆಗಳಲ್ಲಿ ಈ ಮಾತು ನಡೆಯುವುದಿಲ್ಲ. ಗೋಡೆ ಒಂದೂವರೆ ಅಡಿ ದಪ್ಪ. ಕಾರ್ಡ್‌ಲೆಸ್ ಎರಡು ಗೋಡೆ ದಾಟುವಷ್ಟರಲ್ಲಿ ಕೊರ್ ಅನ್ನುತ್ತದೆ. ಮೊಬೈಲ್ ಸಿಗ್ನಲ್ ಬೇಕಾದರೆ ಗುಡ್ಡ ಹತ್ತಬೇಕು. ಕರೆಂಟ್ ಹೋದಾಗ ಕಾರ್ಡ್‌ಲೆಸ್ ಸತ್ತಿರುತ್ತದೆ. ಮೋಡೆಮ್‌ಗೆ ಒಂದು ಸಣ್ಣ ಇನ್ವರ್ಟರ್ ಕೊಟ್ಟರೆ ವೈರಿನ ಫೋನ್ ಮಾತ್ರ ನಡೆಯುತ್ತಲೇ ಇರುತ್ತದೆ.

ಹಾಗಾಗಿ ನಾನು ಮಾಡುವುದು ಇಷ್ಟೇ. ಫೈಬರ್ ಮೋಡೆಮ್‌ನ ಫೋನ್ ಪೋರ್ಟಿನಿಂದ ಹಿಂದಕ್ಕೆ ಹಳೇ ವೈರಿಂಗ್‌ಗೆ ಲೈನ್ ಕೊಡುತ್ತೇನೆ. ಇದ್ದಬದ್ದ ಕೋಣೆಗಳ ಫೋನ್ ಎಲ್ಲ ಮತ್ತೆ ಬಡಿದುಕೊಳ್ಳುತ್ತವೆ. "ಅದು ಆಗೋದಲ್ಲ" ಅಂದವರೇ ಈಗ ನನಗೆ ಫೋನ್ ಮಾಡಿ ಯಾವ ಬಣ್ಣಕ್ಕೆ ಯಾವ ಬಣ್ಣ ಅಂತ ಕೇಳುತ್ತಿದ್ದಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಜಾಸ್ತಿ ತಲೆ ತಿಂದ ಒಂದು ಮನೆಯ ಕಥೆ ಹೇಳಿದರೆ ಸಾಕು. ಅಣ್ಣ ತಮ್ಮ ಪಾಲಾದ ಮನೆ. ಮಾಡು ಒಂದೇ, ಫೋನ್ ನಂಬರ್ ಎರಡು. ಆ ಕಾಲದಲ್ಲಿ ಎರಡು ಜೋಡಿಯ, ಅಂದರೆ ಎರಡೆರಡಾಗಿ ಹೊಸೆದ ನಾಲ್ಕು ಎಳೆಯ ಒಂದೇ ಕೇಬಲ್ ಅಟ್ಟದ ಮೇಲೆ ಎಳೆದು, ಒಂದು ಜೋಡಿ ಅಣ್ಣನಿಗೆ, ಇನ್ನೊಂದು ತಮ್ಮನಿಗೆ ಅಂತ ಹಂಚಿದ್ದರು. ಆಮೇಲೆ ಬಂದವರೆಲ್ಲ ಕೈಗೆ ಸಿಕ್ಕ ವೈರ್ ಸೇರಿಸುತ್ತಾ ಹೋಗಿದ್ದರು. ಜಗಲಿಯಿಂದ ನಡುಮನೆವರೆಗೆ ಅಸಲಿ 0.5 ಎಂಎಂ ಟೆಲಿಫೋನ್ ಕೇಬಲ್. ಅಲ್ಲಿಂದ ಮೆತ್ತಿನ (ಮಹಡಿಯ) ಕೋಣೆಗೆ ಕೆಂಪು, ಹಸಿರು, ಕಪ್ಪು, ಹಳದಿ ನಾಲ್ಕೆಳೆಯ ಚಪ್ಪಟೆ ವೈರ್. ಹಿಂದಿನ ಹೊಸ ಕೋಣೆಗೆ ಯಾರೋ ಹಾಕಿದ, ಮಿಕ್ಕ ಲ್ಯಾನ್ (ಕಂಪ್ಯೂಟರ್ ನೆಟ್‌ವರ್ಕಿನ) ಕೇಬಲ್ ತುಂಡು. ನನ್ನ ಕೆಲಸ ಅಲ್ಲಿಂದ ಅಡಿಕೆ ಸುಲಿಯುವ ಚಪ್ಪರಕ್ಕೆ ಇನ್ನೊಂದು ನಲವತ್ತು ಮೀಟರ್ ಎಳೆಯುವುದು.

ಎಳೆಯುವ ಮೊದಲೇ ಯಜಮಾನರು, ಅಂದರೆ ಅಣ್ಣ, ದೂರು ಹೇಳಿದರು. "ಅಲ್ಲ ಮಾರಾಯ, ನಾನು ಫೋನ್ ಎತ್ತಿದ್ರೆ ತಮ್ಮ ಮಂಡಿಯವನ ಹತ್ರ ರೇಟು ಮಾತಾಡೋದು ಕೇಳಿಸ್ತದೆ. ನಾನು ಕದ್ದು ಕೇಳ್ತೇನೆ ಅಂತ ಅವನು ಊರಿಗೆಲ್ಲ ಹೇಳ್ತಾನೆ." ಜೊತೆಗೆ ತೋಟದ ಪಂಪ್ ಹಾಕಿದಾಗ ಗುಂಯ್ ಅನ್ನುವ ಶಬ್ದ. ಇದಕ್ಕೆ ಅವರು ಮೊದಲೇ ಸುಮಾರು ಎರಡೂವರೆ, ಮೂರು ಸಾವಿರ ಸುರಿದಿದ್ದರು. ಎರಡು ಹೊಸ ಫೋನ್ ಸೆಟ್, ಐವತ್ತು ಮೀಟರ್ ಹೊಸ ಚಪ್ಪಟೆ ವೈರ್, ಮೇಲೆ ಬಂದವರ ಕೂಲಿ. ಗುಂಯ್ ಅಲ್ಲೇ ಇತ್ತು. ಚಪ್ಪಟೆ ವೈರ್ ಹಾಕಿದ ಮೇಲೆ ಇನ್ನೂ ಜಾಸ್ತಿಯಾಗಿತ್ತು. ಆಗಲೇಬೇಕು, ಅದರಲ್ಲಿ ಎಳೆಗಳನ್ನು ಒಂದಕ್ಕೊಂದು ಹೊಸೆದ ಹುರಿಯೇ ಇಲ್ಲವಲ್ಲ.

ಬಣ್ಣದ ಲೆಕ್ಕಕ್ಕೆ ಬರೋಣ. ಮೋಡೆಮ್‌ಗೆ ಸಿಕ್ಕಿಸುವ ಫೋನ್ ವೈರ್, ಅಂದರೆ ಕಾರ್ಡಿನಲ್ಲಿ, ನಡುವಿನ ಎರಡು ಪಿನ್ ಕೆಂಪು ಮತ್ತು ಹಸಿರು. ಟೆಲಿಫೋನ್ ಕೇಬಲ್‌ನಲ್ಲಿ ಮೊದಲ ಜೋಡಿ ಬಿಳಿ-ನೀಲಿ, ಎರಡನೆಯದು ಬಿಳಿ-ಕಿತ್ತಳೆ, ಮೂರು ಬಿಳಿ-ಹಸಿರು, ನಾಲ್ಕು ಬಿಳಿ-ಕಂದು. ಲ್ಯಾನ್ ಕೇಬಲ್‌ನಲ್ಲೂ ಇದೇ ನಾಲ್ಕು. ಕೆಂಪಿಗೆ ನೀಲಿ, ಹಸಿರಿಗೆ ಅದರ ಬಿಳಿ. ಎರಡನೇ ಲೈನಿಗೆ ಹಳದಿಗೆ ಕಿತ್ತಳೆ, ಕಪ್ಪಿಗೆ ಅದರ ಬಿಳಿ. ಇಷ್ಟು ಎಲ್ಲರಿಗೂ ಗೊತ್ತು. ಆದರೂ ಹೆಚ್ಚಿನವರು ಹಸಿರು ಕಂಡ ಕೂಡಲೇ ಹಸಿರಿಗೆ ಸೇರಿಸುತ್ತಾರೆ. ಕಾರ್ಡಿನ ಹಸಿರು ಒಂದನೇ ಲೈನಿನದು, ಕೇಬಲ್‌ನ ಹಸಿರು ಮೂರನೇ ಜೋಡಿಯದು. ಎರಡಕ್ಕೂ ಸಂಬಂಧವೇ ಇಲ್ಲ.

ನಿಜವಾದ ತೊಂದರೆ ಬಣ್ಣದ ವೈರ್‌ಗಳದ್ದಲ್ಲ, ಬಿಳಿಯದು. ಲ್ಯಾನ್ ಕೇಬಲ್‌ನಲ್ಲಿ ಬಿಳಿಯ ಮೇಲೆ ಜೊತೆಗಾರನ ಬಣ್ಣದ ಗೆರೆ ಇರುತ್ತದೆ. ಹಳೇ ಟೆಲಿಫೋನ್ ಕೇಬಲ್‌ನಲ್ಲಿ ಎಷ್ಟೋ ಸಲ ಎರಡೂ ಬಿಳಿ ಬೋಳು. ಯಾವುದು ನೀಲಿಯ ಬಿಳಿ, ಯಾವುದು ಕಿತ್ತಳೆಯ ಬಿಳಿ ಅಂತ ಹೇಳುವುದು ಅದರ ಹುರಿ ಮಾತ್ರ. ಕೇಬಲ್‌ನ ಹೊರಗಿನ ಒರೆ ನಾಲ್ಕು ಇಂಚು ಸುಲಿದು, ನಾಲ್ಕನ್ನೂ ನೆಟ್ಟಗೆ ಬಿಡಿಸಿ, ಆಮೇಲೆ ಒಂದು ಟೀ ಕುಡಿದು ಬಂದರೆ ಮುಗಿಯಿತು. ಎರಡು ಬಿಳಿ ಅದಲುಬದಲು. ಫೋನ್ ಬಡಿಯುತ್ತದೆ, ಡಯಲ್ ಟೋನ್ ಬರುತ್ತದೆ, ಮಾತೂ ಆಗುತ್ತದೆ. ಆದರೆ ಒಬ್ಬನ ಲೈನ್ ಈ ಜೋಡಿಯ ನೀಲಿಯಲ್ಲಿ ಹೋಗಿ ಆ ಜೋಡಿಯ ಬಿಳಿಯಲ್ಲಿ ವಾಪಸ್ ಬರುತ್ತದೆ. ಹುರಿ ಇರುವುದೇ ಹೊರಗಿನ ಗದ್ದಲ ಎರಡೂ ಎಳೆಗೆ ಸಮನಾಗಿ ತಗುಲಿ ವಜಾ ಆಗಲಿ ಅಂತ. ಜೋಡಿ ಒಡೆದರೆ ಅದು ಆಗುವುದಿಲ್ಲ. ಪಂಪಿನ ಗುಂಯ್ ಒಳಗೆ ಬರುತ್ತದೆ, ಅಣ್ಣನ ಕಿವಿಗೆ ತಮ್ಮನ ಮಾತೂ ಬರುತ್ತದೆ.

ವೈರ್ ತುಂಡಾಗಿಲ್ಲ ಅಂತ ಮೀಟರಿನಲ್ಲಿ ನೋಡುವ ಬೀಪ್ ಟೆಸ್ಟಿಗೆ ಇದು ಸಿಕ್ಕುವುದಿಲ್ಲ. ಹಿಂದಿನವರು ಎಡವಿದ್ದು ಅಲ್ಲೇ. ಈ ತುದಿಯ ನೀಲಿ ಆ ತುದಿಯ ನೀಲಿಗೆ ಬೀಪ್ ಅನ್ನುತ್ತದೆ, ಬಿಳಿಯೂ ಯಾವುದೋ ಒಂದು ಬಿಳಿಗೆ ಬೀಪ್ ಅನ್ನುತ್ತದೆ. ಎಲ್ಲ ಸರಿ ಇದೆ ಅಂತ ಬರೆದುಕೊಟ್ಟು ಹೋಗುತ್ತಾರೆ. ನಾನು ಮಾಡಿದ್ದು ಕೆಪಾಸಿಟೆನ್ಸ್, ಅಂದರೆ ಎರಡು ಎಳೆ ನಡುವೆ ಎಷ್ಟು ಚಾರ್ಜ್ ನಿಲ್ಲುತ್ತದೆ ಅನ್ನುವ ಅಳತೆ. ಎರಡೂ ತುದಿ ಬಿಚ್ಚಿ, ಫೋನ್ ಎಲ್ಲ ಕಿತ್ತಿಟ್ಟು, ಮಲ್ಟಿಮೀಟರನ್ನು ನ್ಯಾನೋಫ್ಯಾರಡ್ ರೇಂಜಿಗೆ ಹಾಕಿ ನೀಲಿಗೆ ಒಂದೊಂದೇ ಬಿಳಿ ಮುಟ್ಟಿಸುತ್ತಾ ಹೋದೆ. ಒಟ್ಟಿಗೆ ಹೊಸೆದುಕೊಂಡಿರುವ ಎಳೆಗಳ ನಡುವೆ ಜಾಸ್ತಿ ಬರುತ್ತದೆ, ಬೇರೆ ಜೋಡಿಯ ಎಳೆಯ ಜೊತೆ ಕಡಿಮೆ. ಆ ಮನೆಯಲ್ಲಿ ಒಂದು ಬಿಳಿಗೆ 3 ಚಿಲ್ಲರೆ, ಇನ್ನೊಂದಕ್ಕೆ 2ರ ಹತ್ತಿರ ಬಂದ ನೆನಪು. ಅಂಕಿ ಮುಖ್ಯ ಅಲ್ಲ, ವ್ಯತ್ಯಾಸ ಮುಖ್ಯ. ಸಾವಿರ ರೂಪಾಯಿಯ ಮೀಟರ್ ಸಾಕು. ನಾನು ಇದನ್ನು ಮಾಡುವಾಗ ಜೊತೆಗೆ ಬಂದಿದ್ದ ವೈರ್‌ಮನ್ ನಗುತ್ತಿದ್ದ. "ಫ್ಯಾನಿನ ಕಂಡೆನ್ಸರ್ ನೋಡೋ ರೇಂಜಲ್ಲಿ ಫೋನ್ ವೈರ್ ನೋಡ್ತೀರಲ್ಲ ಸಾರ್" ಅಂದ. ಈಗ ಅವನ ಬ್ಯಾಗಿನಲ್ಲೂ ಅಂಥದ್ದೇ ಮೀಟರ್ ಇದೆ.

ಜೋಡಿ ಒಡೆದ ಜಾಗ ನಡುಮನೆಯ ಗೋಡೆಯೊಳಗಿತ್ತು. ಮೇಲೆ ಸುಣ್ಣ ಬಳಿದು ಡಬ್ಬಿಯ ಗುರುತೇ ಇರಲಿಲ್ಲ. ಗೋಡೆ ಕೆದಕದೆ ಅದನ್ನು ಹೇಗೆ ಹುಡುಕಿದೆ ಅನ್ನುವುದು ಹೊಟ್ಟೆಪಾಡಿನ ವಿಷಯ, ಇಲ್ಲಿ ಬರೆಯುವುದಿಲ್ಲ. ಒಂದು ಹಳೇ ರೇಡಿಯೋ ಬೇಕು ಅಂತ ಮಾತ್ರ ಹೇಳುತ್ತೇನೆ. ಡಬ್ಬಿ ತೆಗೆದಾಗ ಒಳಗೆ ನಾಲ್ಕು ಜಾಯಿಂಟ್, ಬರೀ ತಿರುಚಿ ಇನ್ಸುಲೇಶನ್ ಟೇಪ್ ಸುತ್ತಿದ್ದು. ಟೇಪಿನ ಅಂಟು ಕರಗಿ ಬೆಲ್ಲದ ಪಾಕ ಆಗಿತ್ತು. ಬಿಳಿ ವೈರ್‌ಗಳ ತುದಿ ಹಸಿರು ಕಿಲುಬು ಹಿಡಿದು ಪುಡಿಪುಡಿ, ನೀಲಿ ಮತ್ತು ಕಿತ್ತಳೆಯ ತಾಮ್ರ ಇನ್ನೂ ಕೆಂಪಗೆ ಇತ್ತು. ಇದು ಒಳ್ಳೆ ಗುರುತು. ಫೋನ್ ಲೈನಿನಲ್ಲಿ ಸುಮಾರು 48 ವೋಲ್ಟ್ ಡಿಸಿ ಸದಾ ನಿಂತಿರುತ್ತದೆ. ತೇವ ಇದ್ದಲ್ಲಿ ಪ್ಲಸ್ ಕಡೆಯ ತಾಮ್ರವೇ ಮೊದಲು ಕರಗುತ್ತದೆ. ಬಣ್ಣ ಮಾಸಿದ ಹಳೇ ರೋಸೆಟ್‌ನಲ್ಲಿ (ಗೋಡೆಯ ಫೋನ್ ಡಬ್ಬಿ) ಯಾವ ಸ್ಕ್ರೂ ಜಾಸ್ತಿ ಹಸಿರಾಗಿದೆಯೋ ಅದು ಪ್ಲಸ್, ಅಂದರೆ ಬಿಳಿ ಇರಬೇಕಾದ ಜಾಗ. ಮೀಟರ್ ಹಿಡಿಯುವ ಮೊದಲೇ ಅಂದಾಜು ಸಿಗುತ್ತದೆ.

ಜಾಯಿಂಟ್ ಮಾಡುವಾಗ ನನ್ನ ಕ್ರಮ ಹೀಗೆ. ಒರೆ ಒಂದೂವರೆ ಇಂಚಿಗಿಂತ ಜಾಸ್ತಿ ಸುಲಿಯುವುದಿಲ್ಲ. ಸುಲಿದ ಕೂಡಲೇ, ಹುರಿ ಬಿಚ್ಚುವ ಮೊದಲೇ, ಬಿಳಿಯ ಮೇಲೆ ಅದರ ಜೊತೆಗಾರನ ಬಣ್ಣದ ಚುಕ್ಕೆ ಇಡುತ್ತೇನೆ. ಮಾರ್ಕರ್ ಪೆನ್ ಪಿವಿಸಿ ಮೇಲೆ ನಿಲ್ಲುವುದಿಲ್ಲ, ಬೆವರಿನ ಕೈ ತಾಗಿದರೆ ಅಳಿಸಿಹೋಗುತ್ತದೆ. ಬಣ್ಣದ ಟೇಪ್ ಚೂರು ಸುತ್ತಿ ನೋಡಿದೆ, ಜಾಯಿಂಟ್ ದಪ್ಪ ಆಗಿ ಡಬ್ಬಿ ಮುಚ್ಚುವುದಿಲ್ಲ. ಕೊನೆಗೆ ನಿಂತದ್ದು ನೈಲ್ ಪಾಲಿಶ್. ನೀಲಿ ಒಂದು, ಕಿತ್ತಳೆ ಒಂದು, ಜಾತ್ರೆಯಲ್ಲಿ ಹತ್ತಿಪ್ಪತ್ತು ರೂಪಾಯಿಗೆ ಸಿಗುವ ಶೀಶೆ. ಎರಡು ನಿಮಿಷದಲ್ಲಿ ಒಣಗುತ್ತದೆ, ಎಷ್ಟು ಮಳೆಗಾಲ ಕಳೆದರೂ ಇರುತ್ತದೆ. ನನ್ನ ಟೂಲ್ ಬ್ಯಾಗ್ ನೋಡಿ ಮನೆಯವಳು ಮೊದಮೊದಲು ಏನೇನೋ ಕೇಳಿದ್ದಳು, ಅದು ಬೇರೆ ವಿಷಯ.

ಜೋಡಿಸುವುದಕ್ಕೆ ಒಳಗೆ ಜೆಲ್ಲಿ ತುಂಬಿದ ಬಟನ್ ಕನೆಕ್ಟರ್. ಇನ್ಸುಲೇಶನ್ ಸುಲಿಯುವ ಹಾಗಿಲ್ಲ, ಎರಡು ವೈರನ್ನೂ ತುದಿ ಮುಟ್ಟುವವರೆಗೆ ಒಳಗೆ ತಳ್ಳಿ ಇಕ್ಕಳದಲ್ಲಿ ಒತ್ತಿದರೆ ಟಿಕ್ ಅಂತ ಕೂರುತ್ತದೆ. ಜೆಲ್ಲಿ ಸ್ವಲ್ಪ ಹೊರಗೆ ಉಕ್ಕಬೇಕು. ಉಕ್ಕದಿದ್ದರೆ ಅದನ್ನು ಬಿಸಾಡಿ ಬೇರೆ ಹಾಕಿ. ನೂರರ ಪ್ಯಾಕೆಟ್ ಇನ್ನೂರರ ಆಸುಪಾಸು, ಒಂದಕ್ಕೆ ಎರಡು ರೂಪಾಯಿ. ಚಪ್ಪಟೆ ವೈರಿನ ಕೂದಲೆಳೆಗೆ ಇದು ಸರಿಯಾಗಿ ಕಚ್ಚುವುದಿಲ್ಲ, ಗಟ್ಟಿ ಎಳೆಗೆ ಮಾತ್ರ. ಚಪ್ಪಟೆ ವೈರನ್ನು ನಾನು ಪೂರ್ತಿ ಕಿತ್ತು ಹಾಕಿದೆ. ಅದಕ್ಕೂ ಮೊದಲು ಆ ಕಡೆ ಎರಡೂ ಎಳೆ ಸೇರಿಸಿ ಶಾರ್ಟ್ ಮಾಡಿ, ಈ ಕಡೆ ಓಮ್ಸ್ (ವೈರಿನ ರೆಸಿಸ್ಟೆನ್ಸ್) ನೋಡಿದ್ದೆ. 0.5 ಎಂಎಂ ತಾಮ್ರ ಆದರೆ ನೂರು ಮೀಟರಿಗೆ ಹೋಗಿ ಬರಲು 17-18 ಓಮ್ಸ್ ಬರಬೇಕು. ಈ ವೈರ್ ಐವತ್ತು ಮೀಟರಿಗೇ ಇಪ್ಪತ್ತು ದಾಟಿತು. ಆಯಸ್ಕಾಂತ ಹಿಡಿದರೆ ಅಂಟಿಕೊಂಡಿತು. ಒಳಗೆ ಕಬ್ಬಿಣ, ಮೇಲೆ ತಾಮ್ರದ ಲೇಪ. ಯಜಮಾನರಿಗೆ ಆಯಸ್ಕಾಂತ ಕೈಯಲ್ಲೇ ಕೊಟ್ಟು ತೋರಿಸಿದೆ. ಆಮೇಲೆ ಅವರು ಮನೆಯ ಎಲ್ಲ ವೈರಿಗೂ ಹಿಡಿದು ನೋಡುತ್ತಾ ತಿರುಗಿದರು.

ಮೋಡೆಮ್‌ನಿಂದ ಲೈನ್ ಕೊಡುವ ಮೊದಲು ಹೊರಗಿನ ಹಳೇ ಕಂಬದ ವೈರ್ ಬಿಚ್ಚಲೇಬೇಕು. ಎರಡೂ ಎಳೆ. "ಲೈನ್ ಸತ್ತಿದೆಯಲ್ಲ, ಇರಲಿ ಬಿಡಿ" ಅನ್ನುವವರು ಇದ್ದಾರೆ. ಸತ್ತ ಲೈನಿನ ಮೇಲೂ ಸಿಡಿಲು ಬರುತ್ತದೆ, ನೇರ ಮೋಡೆಮ್‌ಗೇ ಬರುತ್ತದೆ. ಇನ್ನೊಂದು, ಅಂಗಡಿಯ ಫೋನ್ ಕಾರ್ಡ್ ಸಾಮಾನ್ಯವಾಗಿ ತಿರುಗಿಸಿ ಒತ್ತಿರುತ್ತಾರೆ. ಈ ತುದಿಯಲ್ಲಿ ಕೆಂಪು ಎಡಕ್ಕಿದ್ದರೆ ಆ ತುದಿಯಲ್ಲಿ ಬಲಕ್ಕೆ. ಕಾರ್ಡಿನ ಒಂದು ತುದಿ ಕತ್ತರಿಸಿ ಕೆಂಪು ಅಂದರೆ ಮೈನಸ್ ಅಂತ ನಂಬಿಕೊಂಡು ಹೋಗಬೇಡಿ. ಮೀಟರಿನ ಕೆಂಪು ಪ್ರೋಬ್ ಬಿಳಿಗೆ, ಕಪ್ಪು ಪ್ರೋಬ್ ನೀಲಿಗೆ ಇಟ್ಟಾಗ ಪ್ಲಸ್ ತೋರಿಸಬೇಕು, ಹಾಗೆ ಜೋಡಿಸಿ. ಈಗಿನ ಫೋನ್ ಒಳಗೆ ಪ್ಲಸ್ ಮೈನಸ್ ತಾನೇ ಸರಿಮಾಡಿಕೊಳ್ಳುವ ಬ್ರಿಡ್ಜ್ ಇರುತ್ತದೆ, ತಿರುಗುಮುರುಗಾದರೂ ನಡೆಯುತ್ತದೆ. ಆದರೂ ಮುಂದೆ ಯಾರೋ ಬಂದು ಬಿಚ್ಚಿ ನೋಡುವಾಗ ಇಡೀ ಮನೆಯಲ್ಲಿ ಒಂದೇ ಲೆಕ್ಕ ಇರಬೇಕು ಅಲ್ವಾ.

ಎಲ್ಲ ಮುಗಿಸಿ ಎರಡೂ ಲೈನಿನಲ್ಲಿ ಒಟ್ಟಿಗೆ ಮಾತಾಡಿಸಿದೆ, ಪಂಪೂ ಹಾಕಿಸಿದೆ. ಅಣ್ಣನ ಕಡೆ ಪೂರ್ತಿ ಶಾಂತ. ಯಜಮಾನರು ರಿಸೀವರ್ ಕಿವಿಗೆ ಹಿಡಿದು ತುಂಬಾ ಹೊತ್ತು ಕೇಳಿದರು. "ಏನೂ ಕೇಳಿಸ್ತಿಲ್ವಲ್ಲೋ" ಅಂದಾಗ ಖುಷಿಯೋ ಬೇಜಾರೋ ಗೊತ್ತಾಗಲಿಲ್ಲ. ಸಾಮಾನು ಸುಮಾರು ಎರಡು ಸಾವಿರದೊಳಗೆ ಆಯಿತು. ಅದರಲ್ಲಿ ಎರಡು ಜೋಡಿಯ ಒಂದು ಕಾಯಿಲ್ ಕೇಬಲ್ಲೇ ಸಾವಿರ ಚಿಲ್ಲರೆ. ರೋಸೆಟ್ ಡಬ್ಬಿಗಳು ಮೂವತ್ತು, ನಲವತ್ತು ರೂಪಾಯಿಯವು. ಕೂಲಿ ಎರಡೂವರೆ ಸಾವಿರ ಕೇಳಿದೆ, ಎರಡು ಸಾವಿರ ಮತ್ತು ಒಂದು ಚೀಲ ಬಾಳೆಕಾಯಿಗೆ ಮುಗಿಯಿತು. ಇಬ್ಬರಿಗೂ ಒಂದೊಂದು ಕಾರ್ಡ್‌ಲೆಸ್ ತೆಗೆಸಿದ್ದರೆ ಅದಕ್ಕೇ ಐದು ಸಾವಿರದ ಮೇಲೆ ಹೋಗುತ್ತಿತ್ತು.

ಕಾಯಿಲ್‌ನಲ್ಲಿ ಮಿಕ್ಕಿದ್ದು ಮನೆಗೆ ಬಂತು, ಸುಮ್ನೆ ಇಡುವ ಜಾತಿ ನನ್ನದಲ್ಲ. ಬಿಳಿ-ನೀಲಿಯನ್ನು ಲ್ಯಾನ್ ಪ್ಲಗ್ಗಿನ 1-2ನೇ ಪಿನ್ನಿಗೆ, ಬಿಳಿ-ಕಿತ್ತಳೆಯನ್ನು 3-6ಕ್ಕೆ ಹಾಕಿ ಮೂವತ್ತು ಮೀಟರ್ ದೂರದ ಕ್ಯಾಮೆರಾಗೆ ಕೊಟ್ಟೆ. ವೇಗ 100 ಎಂಬಿಪಿಎಸ್ ಅಂತ ತೋರಿಸಿತು. ಬೇಕಂತಲೇ ಎರಡೂ ತುದಿಯಲ್ಲಿ ಬಿಳಿಗಳನ್ನು ಅದಲುಬದಲು ಮಾಡಿದೆ, ಲಿಂಕ್ ಬಂದು ಬಂದು ಹೋಯಿತು. ಜೋಡಿ ಅಂದರೇನು ಅಂತ ಹೊಸ ಹುಡುಗರಿಗೆ ತೋರಿಸಲು ಇದಕ್ಕಿಂತ ಒಳ್ಳೆ ಉಪಾಯ ಇಲ್ಲ. ಮನೆಗೆ ಇದನ್ನೇ ಖಾಯಂ ಮಾಡಿ ಅಂತ ಮಾತ್ರ ನಾನು ಹೇಳುವುದಿಲ್ಲ.

ಹಾಗೇ ಅದೇ ಮನೆಯ ಅಟ್ಟದಲ್ಲಿ ಬೆರಳು ಹಾಕಿ ತಿರುಗಿಸುವ ಹಳೇ ಕಪ್ಪು ಫೋನ್ ಒಂದಿತ್ತು. ಒರೆಸಿ ಹಾಕಿದರೆ ಗಂಟೆ ಬಾರಿಸಿತು, ಧ್ವನಿಯಂತೂ ಹೊಸ ಸೆಟ್‌ಗಿಂತ ಚೆನ್ನ. ಆದರೆ ಅದನ್ನು ಸೇರಿಸಿದ ಮೇಲೆ ಮೆತ್ತಿನ ಕೋಣೆಯ ಫೋನ್ ಮೆಲ್ಲಗೆ ಬಡಿಯತೊಡಗಿತು. ಮೋಡೆಮ್‌ನ ರಿಂಗಿಗೆ ಹಳೇ ಎಕ್ಸ್‌ಚೇಂಜಿನ ಜೋರು ಇಲ್ಲ. ಹಳೇ ಗಂಟೆಯದು ಒಂದೇ ಸಾಕು, ಉಳಿದವು ಹೊಸ ಸೆಟ್ ಇರಲಿ. ಇನ್ನು ನಂಬರ್ ತಿರುಗಿಸಿದರೆ ಹೋಗುವುದಿಲ್ಲ, ಲೈನನ್ನು ಕಟ್ ಕಟ್ ಅಂತ ಕಡಿದು ನಂಬರ್ ಕಳಿಸುವ ಪಲ್ಸ್ ಡಯಲ್ ಆ ಮೋಡೆಮ್‌ಗೆ ಅರ್ಥವಾಗುವುದಿಲ್ಲ. ಪಲ್ಸನ್ನು ಟೋನ್ ಮಾಡುವ ಒಂದು ಸಣ್ಣ ಬೋರ್ಡ್ ತರಿಸಿದ್ದೇನೆ. ಫೋನಿನ ತಳದಲ್ಲಿ ಅದಕ್ಕೆ ಜಾಗ ಮಾಡಬೇಕು. ಅಡಿಕೆ ಕೊಯ್ಲು ಮುಗಿದ ಮೇಲೆ ಬಾ ಅಂತ ಯಜಮಾನರು ಹೇಳಿದ್ದಾರೆ.